ಓಟದ ಬ್ರೇಕು, ಊರಿನ ದಾರಿ

ಮೋಟಾರು ಗಾಡಿಯನ್ನು ಹೊಗಳುವವರು ಸಾಮಾನ್ಯವಾಗಿ ಅದರ ಎಂಜಿನನ್ನು ಹೊಗಳುತ್ತಾರೆ. ಅದಕ್ಕೆ ಎಷ್ಟು ಅಶ್ವಶಕ್ತಿಯಿದೆ, ನಿಂತಲ್ಲಿಂದ ಹೊರಟು ಗಂಟೆಗೆ 100 ಕಿಲೋಮೀಟರು ವೇಗವನ್ನು ಎಷ್ಟು ಸೆಕೆಂಡುಗಳಲ್ಲಿ ಮುಟ್ಟುತ್ತದೆ ಎಂದು ಕೇಳುತ್ತಾರೆ. ಅದೇ ವೇಗದಿಂದ ಎಷ್ಟು ದೂರದೊಳಗೆ ನಿಲ್ಲುತ್ತದೆ ಎಂದು ಕೇಳುವವರು ವಿರಳ. ಓಡುವುದು ಗಾಡಿಯ ಅರ್ಧ ವಿದ್ಯೆ, ನಿಲ್ಲುವುದು ಉಳಿದರ್ಧ. ಮೊದಲನೆಯದಕ್ಕೆ ಮರುಳಾಗಿ ಎರಡನೆಯದನ್ನು ಮರೆತರೆ ಏನಾಗುವುದೆಂಬುದಕ್ಕೆ ವೃತ್ತಪತ್ರಿಕೆಗಳ ಅಪಘಾತದ ಸುದ್ದಿಗಳೇ ಸಾಕ್ಷಿ.

ವೇಗದ ಕಾರುಗಳ ಮೋಹವುಳ್ಳ ಯುವಕರ ಗಮನ ಈಚೆಗೆ ಬ್ರೇಕಿನ ಕಡೆಗೂ ತಿರುಗಿದೆ. ಇದು ಸಂತೋಷದ ಸಂಗತಿಯೇ. ಆದರೆ ಆ ಗಮನ ಹಿಡಿದಿರುವ ಹಾದಿ ಸರಿಯಿಲ್ಲ. ಕಾರಿನೊಡನೆ ಬಂದ ಬ್ರೇಕ್ ಪ್ಯಾಡುಗಳನ್ನು ತೆಗೆಸಿ, ಡಬ್ಬಿಯ ಮೇಲೆ “ರೇಸಿಂಗ್” ಎಂದು ದಪ್ಪಕ್ಷರಗಳಲ್ಲಿ ಅಚ್ಚಾದ ದುಬಾರಿ ಪ್ಯಾಡುಗಳನ್ನು ಹಾಕಿಸಿಕೊಂಡರೆ ಕಾರು ಹೆಚ್ಚು ಸುರಕ್ಷಿತವಾಗುತ್ತದೆಂದು ಅನೇಕರು ನಂಬಿದ್ದಾರೆ. ಗಂಟೆಗೆ 200 ಕಿಲೋಮೀಟರು ವೇಗದ ಕಾರನ್ನು ತಡೆಯಬಲ್ಲ ವಸ್ತು, 60 ಕಿಲೋಮೀಟರು ವೇಗದ ಕಾರನ್ನು ಇನ್ನೂ ಸುಲಭವಾಗಿ ತಡೆಯಲಾರದೆ ಎಂಬುದು ಅವರ ತರ್ಕ. ಕೇಳುವುದಕ್ಕೆ ಇದು ಸರಿಯಾಗಿಯೇ ತೋರುತ್ತದೆ. ಭೌತಶಾಸ್ತ್ರದ ಒರೆಗಲ್ಲಿಗೆ ಹಚ್ಚಿದಾಗ ಮಾತ್ರ ಇದರ ಬಣ್ಣ ಬಯಲಾಗುತ್ತದೆ. ಓಟದ ಕಣಕ್ಕೆಂದು ಮಾಡಿದ ಪ್ಯಾಡು ಊರಿನ ದಾರಿಯಲ್ಲಿ ಸಾಮಾನ್ಯ ಪ್ಯಾಡಿಗಿಂತ ಕೀಳಾಗಿ ಕೆಲಸಮಾಡಬಹುದು. ಆದುದರಿಂದ ಬ್ರೇಕ್ ಪ್ಯಾಡನ್ನು ಹೆಸರು ನೋಡಿ ಕೊಳ್ಳಬಾರದು, ಅದು ಕೆಲಸಮಾಡುವ ಶಾಖವನ್ನು ನೋಡಿ ಕೊಳ್ಳಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿದ್ಯಾರ್ಥಿಮಿತ್ರರ ಮುಂದಿಡುತ್ತೇನೆ.

ಈ ವಿಚಾರವನ್ನು ಕೊಪ್ಪಳ ಜಿಲ್ಲೆಯ ದಾರಿಗಳನ್ನು ಕಣ್ಣ ಮುಂದಿಟ್ಟುಕೊಂಡು ನೋಡುವುದು ಉಚಿತ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಈ ಜಿಲ್ಲೆಯ ಮೂಲ ತಾಲ್ಲೂಕುಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ವಿಜಯಪುರದಿಂದ ಹೊಸಪೇಟೆಯ ಕಡೆಗೆ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿ ಕುಷ್ಟಗಿಯನ್ನು ಹಾದುಹೋಗುತ್ತದೆ. ಗದಗದಿಂದ ಹೊಸಪೇಟೆಗೆ ಹೋಗುವ 67ನೆಯ ಹೆದ್ದಾರಿ ಕೊಪ್ಪಳವನ್ನು ಹಾದುಹೋಗುತ್ತದೆ. ಇಂಥ ಹೆದ್ದಾರಿಗಳಲ್ಲಿ ಒಳ್ಳೆಯ ಕಾರು 100 ಕಿಲೋಮೀಟರು ವೇಗವನ್ನು ಅನಾಯಾಸವಾಗಿ ಮುಟ್ಟುತ್ತದೆ. ಅಲ್ಲಿಂದ ಇಳಿದು ಒಳದಾರಿ ಹಿಡಿದರೆ ದೃಶ್ಯವೇ ಬೇರೆ. ಗಂಗಾವತಿಯ ನೀರಾವರಿ ಬಯಲಿನಲ್ಲಿ ಭತ್ತದ ಚೀಲಗಳನ್ನು ಹೇರಿದ ಟ್ರ್ಯಾಕ್ಟರುಗಳು. ಯಲಬುರ್ಗಾದ ಎರೆಯ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ರಸ್ತೆಯ ಮೇಲೆಯೇ ಹರವಿದ ತೆನೆ. ಸಂಜೆಯ ಧೂಳಿನಲ್ಲಿ ಮನೆಗೆ ಮರಳುವ ಕುರಿಹಿಂಡು. ಶಾಲೆ ಬಿಟ್ಟೊಡನೆ ದಾರಿ ದಾಟುವ ಮಕ್ಕಳು. ಬ್ರೇಕು ಯಾವ ಕ್ಷಣದಲ್ಲಿ ಬೇಕಾಗುವುದೆಂದು ಮುಂಚಿತವಾಗಿ ಹೇಳಲಾಗದ ದಾರಿಗಳಿವು. ಓಟದ ಕಣದಲ್ಲಾದರೋ ಪ್ರತಿಯೊಂದು ತಿರುವೂ ಮೊದಲೇ ಗೊತ್ತು. ಈ ಒಂದು ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬ್ರೇಕು ಮಾಡುವ ಕೆಲಸವಾದರೂ ಏನು? ಗಾಡಿಯನ್ನು ನಿಲ್ಲಿಸುವುದು ಎಂದರೆ ಉತ್ತರ ಪೂರ್ಣವಾಗದು. ಚಲಿಸುವ ವಸ್ತುವಿನಲ್ಲಿ ಶಕ್ತಿಯಿರುತ್ತದೆ. ಶಕ್ತಿ ನಾಶವಾಗುವಂಥದಲ್ಲ, ರೂಪಾಂತರ ಹೊಂದುವಂಥದು. ಬ್ರೇಕು ಈ ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಶಾಖವನ್ನಾಗಿ ಮಾರ್ಪಡಿಸಿ ಗಾಳಿಗೆ ಬಿಟ್ಟುಕೊಡುತ್ತದೆ. ಬ್ರೇಕನ್ನು ಶಾಖವನ್ನು ಹುಟ್ಟಿಸಿ ಹೊರಹಾಕುವ ಯಂತ್ರವೆಂದು ತಿಳಿದವನಿಗೆ ಮಿಕ್ಕೆಲ್ಲವೂ ತಾನಾಗಿ ತಿಳಿಯುತ್ತದೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾರಥೋತ್ಸವ ಈ ಸೀಮೆಯ ಜನಕ್ಕೆ ಚಿರಪರಿಚಿತ. ದೊಡ್ಡ ತೇರುಗಳನ್ನು ಎಳೆಯುವಾಗ ಗಾಲಿಯ ಮುಂದೆ ಮರದ ತುಂಡನ್ನು ಒಡ್ಡಿ ತಡೆಯುವುದು ನಮ್ಮ ನಾಡಿನ ಹಳೆಯ ಪದ್ಧತಿ. ಅಷ್ಟು ಭಾರದ ತೇರಿಗೆ ಒಂದು ಮರದ ತುಂಡು ಸಾಕಾಗುವುದು ಹೇಗೆ? ಲೆಕ್ಕಕ್ಕಾಗಿ ತೇರಿನ ತೂಕ 50 ಟನ್ನು, ವೇಗ ಗಂಟೆಗೆ 3 ಕಿಲೋಮೀಟರು ಎಂದು ಇಟ್ಟುಕೊಳ್ಳೋಣ. ಅದರ ಚಲನಶಕ್ತಿ ಸುಮಾರು 17 ಸಾವಿರ ಜೂಲುಗಳಷ್ಟಾಗುತ್ತದೆ. ಇನ್ನು ಕೇವಲ 1200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಸಾಗುತ್ತಿದೆಯೆನ್ನೋಣ. ಅದರ ಚಲನಶಕ್ತಿ 4 ಲಕ್ಷ 63 ಸಾವಿರ ಜೂಲು! ತೂಕದಲ್ಲಿ ತೇರಿನ ನಲವತ್ತರಲ್ಲಿ ಒಂದು ಪಾಲೂ ಇಲ್ಲದ ಕಾರು, ಶಕ್ತಿಯಲ್ಲಿ ಇಪ್ಪತ್ತಾರು ತೇರುಗಳಿಗೆ ಸಮ. ಚಲನಶಕ್ತಿ ವೇಗದ ವರ್ಗಕ್ಕನುಗುಣವಾಗಿ ಏರುವುದೇ ಇದಕ್ಕೆ ಕಾರಣ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಚಿಕ್ಕ ಸೂತ್ರದ ನಿಜವಾದ ಅರ್ಥ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಈ ಕಾರನ್ನು ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖದಿಂದ ಒಂದೂಕಾಲು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು.

ಈಗ ಊರಿನ ದಾರಿಯನ್ನೂ ಓಟದ ಕಣವನ್ನೂ ತಕ್ಕಡಿಯಲ್ಲಿಡೋಣ. ಬ್ರೇಕು ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಶಾಖದ ಹೆಚ್ಚು ಪಾಲು ಮುಂದಿನ ಎರಡು ಡಿಸ್ಕುಗಳಿಗೆ ಸೇರುತ್ತದೆ. ಆ ಪಾಲನ್ನು ನೂರಕ್ಕೆ 70 ಎಂದು ಹಿಡಿಯೋಣ. ಒಂದೊಂದು ಡಿಸ್ಕು 7 ಕಿಲೋಗ್ರಾಂ ತೂಗುವುದೆಂದೂ, ಹುಟ್ಟಿದ ಶಾಖವೆಲ್ಲ ಮೊದಲು ಅದರಲ್ಲಿಯೇ ನಿಲ್ಲುವುದೆಂದೂ ಭಾವಿಸೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುತ್ತಿದ್ದ ಕಾರು ಗಂಗಾವತಿಯ ಒಂದು ವೃತ್ತದಲ್ಲಿ ನಿಂತರೆ ಡಿಸ್ಕಿನ ಶಾಖ ಏರುವುದು ಸುಮಾರು 17 ಡಿಗ್ರಿ ಸೆಲ್ಷಿಯಸ್. ಹೆದ್ದಾರಿಯಲ್ಲಿ 100ರ ವೇಗದಿಂದ ಒಮ್ಮೆಗೇ ನಿಂತರೆ ಸುಮಾರು 48 ಡಿಗ್ರಿ. ಓಟದ ಕಣದಲ್ಲಿ 200ರಿಂದ 80ಕ್ಕೆ ಇಳಿಸಿದರೆ ಒಂದೇ ಸಲಕ್ಕೆ 160 ಡಿಗ್ರಿ! ಊರಿನಲ್ಲಿ ಒಮ್ಮೆ ಬ್ರೇಕು ಒತ್ತಿದ ಬಳಿಕ ಡಿಸ್ಕು ತಣಿಯುವುದಕ್ಕೆ ಸಮಯವಿದೆ. ಕಣದಲ್ಲಿ ಮುಂದಿನ ತಿರುವು ಕೆಲವೇ ಸೆಕೆಂಡುಗಳಲ್ಲಿ ಎದುರಾಗುತ್ತದೆ. ತಣಿಯುವ ಮೊದಲೇ ಮತ್ತೊಂದು ಏರಿಕೆ, ಅದರ ಮೇಲೆ ಇನ್ನೊಂದು. ಹೀಗೆ ಕೆಲವು ಸುತ್ತುಗಳೊಳಗೆ ಡಿಸ್ಕು 500 ಡಿಗ್ರಿಯನ್ನು ದಾಟುವುದು ಆಶ್ಚರ್ಯವಲ್ಲ. ಇವು ಲೆಕ್ಕದ ಅನುಕೂಲಕ್ಕಾಗಿ ಸರಳಗೊಳಿಸಿದ ಸಂಖ್ಯೆಗಳು. ಕಾರಿನಿಂದ ಕಾರಿಗೆ ಬದಲಾಗುತ್ತವೆ. ಆದರೆ ಹದಿನೇಳಕ್ಕೂ ನೂರ ಅರವತ್ತಕ್ಕೂ ಇರುವ ಅಂತರ ಯಾವ ಕಾರಿನಲ್ಲಿಯೂ ಅಳಿಸಿಹೋಗುವುದಿಲ್ಲ.

ಈ ಶಾಖವನ್ನು ಮೊದಲು ನುಂಗುವ ಡಿಸ್ಕು ಬಹುಮಟ್ಟಿಗೆ ಬೂದು ಎರಕದ ಕಬ್ಬಿಣದಿಂದ ಆದುದು. ಈ ಕಬ್ಬಿಣದ ಒಡಲಲ್ಲಿ ಇಂಗಾಲವು ಗ್ರಾಫೈಟಿನ ಸಣ್ಣ ಸಣ್ಣ ಪದರಗಳಾಗಿ ಹಂಚಿಕೊಂಡಿರುತ್ತದೆ. ಆ ಪದರಗಳು ಶಾಖವನ್ನು ಬೇಗ ಹರಡುತ್ತವೆ, ಕಂಪನವನ್ನು ಅಡಗಿಸುತ್ತವೆ. ಈ ಲೋಹವನ್ನು ನೋಡಲು ಕೊಪ್ಪಳದವರು ದೂರ ಹೋಗಬೇಕಾಗಿಲ್ಲ. ಗಿಣಿಗೇರಾ ಸಮೀಪದ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಬೀಡು ಕಬ್ಬಿಣವೂ, ಮೋಟಾರು ಮತ್ತು ಟ್ರ್ಯಾಕ್ಟರು ಎಂಜಿನುಗಳ ಬೂದು ಕಬ್ಬಿಣದ ಎರಕಗಳೂ ತಯಾರಾಗುತ್ತವೆ. ತಮ್ಮ ಜಿಲ್ಲೆಯಲ್ಲಿಯೇ ಎರಕಗೊಳ್ಳುವ ಈ ಬಗೆಯ ಲೋಹ ಕಾರಿನ ಗಾಲಿಯ ಹಿಂದೆ ಯಾವ ಅಗ್ನಿಪರೀಕ್ಷೆಗೆ ಒಳಗಾಗುತ್ತದೆ ಎಂಬುದನ್ನು ಇಲ್ಲಿಯ ವಿದ್ಯಾರ್ಥಿಗಳು ತಿಳಿದಿರಬೇಕು.

ಡಿಸ್ಕನ್ನು ಎರಡು ಕಡೆಯಿಂದ ಅಮುಕುವುದೇ ಪ್ಯಾಡು. ಗ್ಯಾರೇಜಿನಲ್ಲಿ ಇದನ್ನು ಲೈನರ್ ಎಂದು ಕರೆಯುವುದೂ ಉಂಟು. ಹೊರನೋಟಕ್ಕೆ ಇದು ಉಕ್ಕಿನ ತಗಡಿಗೆ ಅಂಟಿಸಿದ ಕಪ್ಪು ಹೆಂಟೆ. ಒಳಗೆ ನೋಡಿದರೆ ಹತ್ತಾರು ವಸ್ತುಗಳ ಮಿಶ್ರಣ. ಬಲಕ್ಕಾಗಿ ನಾರುಗಳು, ಹಿಡಿತಕ್ಕಾಗಿ ಗಡುಸಾದ ಪುಡಿಗಳು, ನುಣುಪಿಗಾಗಿ ಗ್ರಾಫೈಟು, ಶಾಖವನ್ನು ಸಾಗಿಸಲು ಲೋಹದ ಚೂರುಗಳು, ಇವೆಲ್ಲವನ್ನೂ ಕಟ್ಟಿಹಿಡಿಯಲು ಫೀನಾಲಿಕ್ ಎಂಬ ಕೃತಕ ರಾಳ. ಬಹುಕಾಲ ಈ ಮಿಶ್ರಣದಲ್ಲಿ ಕಲ್ನಾರು ಮುಖ್ಯ ಸ್ಥಾನ ಪಡೆದಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಸಿದ್ಧವಾದ ಬಳಿಕ ಅನೇಕ ದೇಶಗಳು ಅದನ್ನು ಕೈಬಿಟ್ಟವು. ಬ್ರೇಕಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಕೊಳವೆಯಿಂದಾಗಲಿ ಊದಬಾರದೆಂಬ ಎಚ್ಚರಿಕೆಯನ್ನು ಗ್ಯಾರೇಜಿನ ಹುಡುಗರಿಗೆ ಇಂದಿಗೂ ಹೇಳಬೇಕಾಗಿದೆ.

ಪ್ಯಾಡಿನ ಹಿಡಿತವನ್ನು ಘರ್ಷಣಾಂಕ ಎಂಬ ಸಂಖ್ಯೆಯಿಂದ ಅಳೆಯುತ್ತಾರೆ. ಈ ಸಂಖ್ಯೆ ಸ್ಥಿರವಲ್ಲ. ಶಾಖ ಬದಲಾದಂತೆ ಅದೂ ಬದಲಾಗುತ್ತದೆ. ಸಮಸ್ಯೆಯ ಗಂಟು ಇರುವುದು ಇಲ್ಲಿಯೇ. ಊರಿನ ಕಾರಿನ ಸಾಮಾನ್ಯ ಪ್ಯಾಡು ಮುಂಜಾನೆಯ ತಂಪಿನಿಂದ ಹಿಡಿದು ಸುಮಾರು 300 ಡಿಗ್ರಿಯವರೆಗೆ 0.3ರಿಂದ 0.4ರ ಆಸುಪಾಸಿನಲ್ಲಿ ನಂಬಿಕೆಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಅದಕ್ಕೂ ಬಹಳ ಮೇಲಕ್ಕೆ ಹೋದರೆ ಅದರ ರಾಳ ಸುಟ್ಟು ಅನಿಲವನ್ನು ಬಿಡುತ್ತದೆ, ಹಿಡಿತ ಕುಸಿಯುತ್ತದೆ. ಚಾಲಕನು ಎಷ್ಟು ಒತ್ತಿದರೂ ಕಾರು ತಕ್ಕಷ್ಟು ನಿಧಾನವಾಗದು. ಓಟದ ಪ್ಯಾಡಿನ ಸ್ವಭಾವ ಇದಕ್ಕೆ ವಿರುದ್ಧ. ಅದರಲ್ಲಿ ಲೋಹದ ಪಾಲು ಹೆಚ್ಚು. ನೂರಾರು ಡಿಗ್ರಿ ಕಾದ ಮೇಲೆ ಅದರ ನಿಜವಾದ ಹಿಡಿತ ಆರಂಭವಾಗುತ್ತದೆ. 500, 600 ಡಿಗ್ರಿಯಲ್ಲಿಯೂ ಅದು ಸೋಲುವುದಿಲ್ಲ. ಆದರೆ ತಣ್ಣಗಿರುವಾಗ ಅದು ನಿದ್ದೆಯಲ್ಲಿರುತ್ತದೆ. ಅಷ್ಟೇ ಅಲ್ಲ, ಕಾಯದ ಓಟದ ಪ್ಯಾಡು ಡಿಸ್ಕನ್ನು ಅರದಂತೆ ಉಜ್ಜಿ ಸವೆಸುತ್ತದೆ, ಕಿವಿಗಡಚಿಕ್ಕುವಂತೆ ಕಿರುಚುತ್ತದೆ.

ಈಗ ಮೇಲಿನ ಲೆಕ್ಕವನ್ನು ನೆನೆಯಿರಿ. ಊರಿನ ದಾರಿಯಲ್ಲಿ ಒಮ್ಮೆ ಬ್ರೇಕು ಒತ್ತಿದರೆ ಏರುವುದು 17 ಡಿಗ್ರಿ. ಹಾಗಾದರೆ ಓಟದ ಪ್ಯಾಡು ಎಚ್ಚರಗೊಳ್ಳುವುದು ಯಾವಾಗ? ಮುಂಜಾನೆ ಮನೆಯಿಂದ ಹೊರಟ ಕಾರು ಊರ ಹೊರಗೆ 80ರ ವೇಗ ಹಿಡಿದಿದೆ. ತಿರುವಿನಲ್ಲಿ ಕುರಿಹಿಂಡು ಅಡ್ಡ ಬರುತ್ತದೆ. ಅಂದು ಬ್ರೇಕಿಗೆ ಅದೇ ಮೊದಲ ಕೆಲಸ. ಚಾಲಕನು ರೂಢಿಯಂತೆ ಪೆಡಲನ್ನು ಒತ್ತುತ್ತಾನೆ. ಸಾಮಾನ್ಯ ಪ್ಯಾಡಿನಿಂದ ವೇಗವು ಸೆಕೆಂಡಿಗೆ 6 ಮೀಟರಿನಂತೆ ಕುಂದುತ್ತಿದ್ದರೆ ಕಾರು 41 ಮೀಟರಿನಲ್ಲಿ ನಿಲ್ಲುತ್ತದೆ. ತಣ್ಣಗಿನ ಓಟದ ಪ್ಯಾಡಿನ ಹಿಡಿತ ಅದರ ಅರ್ಧದಷ್ಟೆಂದು ಭಾವಿಸಿದರೆ, ಅದೇ ಒತ್ತಡದಲ್ಲಿ ನಿಲ್ಲಲು 82 ಮೀಟರು ಬೇಕು. ಅಪಾಯವನ್ನು ಕಂಡು ಕಾಲು ಪೆಡಲನ್ನು ಮುಟ್ಟುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನ 22 ಮೀಟರು ಬೇರೆ. ಇನ್ನೂ ಬಲವಾಗಿ ಒತ್ತಿದರೆ ದೂರ ಕಡಮೆಯಾಗುವುದು ನಿಜ. ಆದರೆ ಗಾಬರಿಯ ಆ ಒಂದು ಸೆಕೆಂಡಿನಲ್ಲಿ, ಇಂದು ಪ್ಯಾಡು ತಣ್ಣಗಿದೆ, ಇಮ್ಮಡಿ ಒತ್ತಬೇಕು ಎಂದು ಯೋಚಿಸುವಷ್ಟು ಸ್ಥಿರಚಿತ್ತ ಎಷ್ಟು ಜನರಿಗಿದೆ? ಕುರಿಗಳ ಹಿಂದೆ ಒಬ್ಬ ಹುಡುಗನೂ ಇರುತ್ತಾನೆಂಬುದನ್ನು ಮರೆಯಬಾರದು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ತರಬಹುದು. “ನಮ್ಮ ಸೀಮೆ ಉರಿಬಿಸಿಲಿನ ಸೀಮೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಇಲ್ಲಿ ಓಟದ ಪ್ಯಾಡು ತಾನಾಗಿಯೇ ಕಾಯುವುದಿಲ್ಲವೆ?” ಪ್ರಶ್ನೆ ಜಾಣತನದ್ದು, ಉತ್ತರ ಸರಳವಾದುದು. 25 ಡಿಗ್ರಿಯ ತಂಪಿಗೂ 42 ಡಿಗ್ರಿಯ ಬಿಸಿಲಿಗೂ ಇರುವ ಅಂತರ 17 ಡಿಗ್ರಿ. ಅಂದರೆ ಯಲಬುರ್ಗಾದ ಮೇ ತಿಂಗಳ ಬಿಸಿಲೆಲ್ಲ ಸೇರಿ ಬ್ರೇಕಿಗೆ ಕೊಡುವುದು, ಒಂದು ವೃತ್ತದಲ್ಲಿ ಒಮ್ಮೆ ನಿಂತಾಗ ಸಿಗುವಷ್ಟು ಶಾಖವನ್ನು ಮಾತ್ರ. ನಮ್ಮ ಮೈಗೆ ಅದು ಬೆಂಕಿ. ನೂರಾರು ಡಿಗ್ರಿಯನ್ನು ಬಯಸುವ ಪ್ಯಾಡಿಗೆ ಅದು ಲೆಕ್ಕಕ್ಕಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಓಟದ ಕಣದಿಂದ ಬೀದಿಯ ಕಾರಿಗೆ ಉಪಕಾರವೇ ಆಗಿಲ್ಲವೆ ಎಂದು ಇತಿಹಾಸ ಬಲ್ಲವರು ಕೇಳಬಹುದು. ಖಂಡಿತವಾಗಿ ಆಗಿದೆ. ಬ್ರೇಕಿನ ಚರಿತ್ರೆ ಆರಂಭವಾದದ್ದು ಬೀದಿಯಲ್ಲಿ. 1888ರಲ್ಲಿ ಬೆರ್ತಾ ಬೆಂಜ್ ಎಂಬ ಮಹಿಳೆ ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಪ್ರಯಾಣ ಮಾಡಿದಾಗ ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದುಹೋಯಿತು. ಆಕೆ ದಾರಿಯಲ್ಲಿ ಒಬ್ಬ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿಕೊಂಡು ಮುಂದೆ ಸಾಗಿದಳು. ಇಂದಿನ ಪ್ಯಾಡಿನ ಮೂಲಪುರುಷ ಆ ತೊಗಲಿನ ತುಂಡೇ ಎನ್ನಬಹುದು. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕು ಬ್ರೇಕಿಗೆ ಹಕ್ಕುಪತ್ರ ಪಡೆದನು. ಆದರೂ ಅರ್ಧ ಶತಮಾನದವರೆಗೆ ಕಾರುಗಳಲ್ಲಿ ಡ್ರಮ್ಮು ಬ್ರೇಕುಗಳದೇ ರಾಜ್ಯವಾಗಿತ್ತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ಓಟದಲ್ಲಿ ಡಿಸ್ಕು ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದಾಗ ಲೋಕದ ಕಣ್ಣು ತೆರೆಯಿತು. ಮುಚ್ಚಿದ ಡ್ರಮ್ಮಿನೊಳಗೆ ಶಾಖ ಸೆರೆಯಾಗುತ್ತದೆ, ತೆರೆದ ಡಿಸ್ಕು ಗಾಳಿಗೆ ಬೇಗ ತಣಿಯುತ್ತದೆ ಎಂಬ ಸತ್ಯವನ್ನು ಆ ಓಟ ಎಲ್ಲರಿಗೂ ತೋರಿಸಿಕೊಟ್ಟಿತು. ಆದರೆ ಓದುಗರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಣದಿಂದ ಬೀದಿಗೆ ಬಂದದ್ದು ಒಂದು ತತ್ತ್ವ. ಅದನ್ನು ಬೀದಿಯ ವೇಗಕ್ಕೆ, ಬೀದಿಯ ಶಾಖಕ್ಕೆ ಹೊಂದುವಂತೆ ಎಂಜಿನಿಯರುಗಳು ಮತ್ತೆ ರೂಪಿಸಿದರು. ಕಣದ ವಸ್ತುವನ್ನು ಇದ್ದಂತೆಯೇ ಎತ್ತಿ ಬೀದಿಗೆ ತಂದವರಲ್ಲ ಅವರು.

ಮೂರನೆಯ ಮಾತು ಟಯರಿನದು. ಕಾರನ್ನು ಕೊನೆಗೂ ನಿಲ್ಲಿಸುವುದು ಟಯರಿಗೂ ನೆಲಕ್ಕೂ ಇರುವ ಹಿಡಿತ. ಒಣ ಡಾಂಬರಿನ ಮೇಲೆ ಆ ಹಿಡಿತದ ಅಂಕ 0.7 ಎಂದು ಹಿಡಿದರೆ, 100ರ ವೇಗದ ಕಾರು ಸುಮಾರು 56 ಮೀಟರಿಗಿಂತ ಮೊದಲು ನಿಲ್ಲುವುದು ಅಸಾಧ್ಯ. ಪ್ಯಾಡು ಚಿನ್ನದ್ದಾದರೂ ಅಷ್ಟೇ, ವಜ್ರದ್ದಾದರೂ ಅಷ್ಟೇ. ಸುಸ್ಥಿತಿಯಲ್ಲಿರುವ ಸಾಮಾನ್ಯ ಪ್ಯಾಡಿಗೇ ಚಕ್ರವನ್ನು ತಡೆದು ಜಾರಿಸುವಷ್ಟು ಬಲವಿದೆ. ಚಕ್ರ ಹಾಗೆ ಜಾರದಂತೆ ಕಾಯುವುದೇ ಎಬಿಎಸ್ ಎಂಬ ವ್ಯವಸ್ಥೆ. 2019ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಅದು ಕಡ್ಡಾಯ. ಕಾರು ತಯಾರಿಸಿದವರು ಅದನ್ನು ತಾವು ಆರಿಸಿದ ಪ್ಯಾಡಿನ ಹಿಡಿತಕ್ಕೆ ಹೊಂದಿಸಿರುತ್ತಾರೆ. ಸವೆದ ಟಯರನ್ನು ಹಾಗೆಯೇ ಬಿಟ್ಟು ಪ್ಯಾಡಿಗೆ ಹಣ ಸುರಿಯುವವನು, ಸೋರುವ ಮಾಡನ್ನು ಬಿಟ್ಟು ಬಾಗಿಲಿಗೆ ಬಣ್ಣ ಬಳಿದವನಂತೆ.

ಹಾಗಾದರೆ ಒಂದೇ ಕಾರನ್ನು ಬೀದಿಯಲ್ಲಿಯೂ ಕಣದಲ್ಲಿಯೂ ಓಡಿಸಬೇಕೆನ್ನುವವರಿಗೆ ಗತಿಯೇನು? ಆ ಹವ್ಯಾಸವನ್ನು ನಾನು ಹಳಿಯುವುದಿಲ್ಲ. ವೇಗದ ಬಯಕೆಯನ್ನು ಸಾರ್ವಜನಿಕ ರಸ್ತೆಯಲ್ಲಿ ತೀರಿಸಿಕೊಳ್ಳುವುದಕ್ಕಿಂತ ಅದಕ್ಕೆಂದೇ ಕಟ್ಟಿದ ಕಣದಲ್ಲಿ ತೀರಿಸಿಕೊಳ್ಳುವುದು ಸಾವಿರ ಪಾಲು ಮೇಲು. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ 1990ರಿಂದಲೂ, ಕೊಯಮತ್ತೂರು ಸಮೀಪದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ 2003ರಿಂದಲೂ ಅಂಥ ಕಣಗಳಿವೆ. ಕೊಪ್ಪಳದಿಂದ ಎರಡೂ ಸುಮಾರು 600 ಕಿಲೋಮೀಟರು ಅಥವಾ ಅದಕ್ಕೂ ಹೆಚ್ಚು ದೂರ. ಈ ದೂರವೇ ನಮಗೆ ಪಾಠ ಹೇಳುತ್ತದೆ. ಕಾರನ್ನು ಅಲ್ಲಿಗೆ ಓಡಿಸಿಕೊಂಡು ಹೋಗಿ, ಕಣದಲ್ಲಿ ನೂರು ಕಿಲೋಮೀಟರು ಸುತ್ತಿ, ಮರಳಿ ಬರುವವನು ಹೋಗಿಬರುವುದಕ್ಕೇ 1200 ಕಿಲೋಮೀಟರು ಸಾಮಾನ್ಯ ದಾರಿಯನ್ನು ಸವೆಸುತ್ತಾನೆ. ನೂರು ಕಿಲೋಮೀಟರಿನ ಆಟಕ್ಕಾಗಿ ಸಾವಿರದಿನ್ನೂರು ಕಿಲೋಮೀಟರಿನುದ್ದಕ್ಕೂ ತಣ್ಣಗಿನ ಪ್ಯಾಡನ್ನು ನಂಬುವುದು ವಿವೇಕವೆ?

ಅಂಥವರಿಗೆ ಉತ್ತಮವಾದ ಮಾರ್ಗ ಎರಡು ಜೊತೆ ಪ್ಯಾಡುಗಳನ್ನು ಇಟ್ಟುಕೊಳ್ಳುವುದು. ಊರಿನ ಪ್ಯಾಡಿನಲ್ಲಿ ಕಣದವರೆಗೆ ಹೋಗಬೇಕು. ಅಲ್ಲಿ ಅವನ್ನು ಬಿಚ್ಚಿ ಓಟದ ಪ್ಯಾಡು ಹಾಕಬೇಕು. ಮರಳುವ ಮುನ್ನ ಮತ್ತೆ ಬದಲಾಯಿಸಬೇಕು. ನುರಿತ ಕೈಗೆ ಇದು ದೊಡ್ಡ ಕೆಲಸವಲ್ಲ. ಹೊಸ ಪ್ಯಾಡಿನ ತೆಳುವಾದ ಲೇಪ ಡಿಸ್ಕಿಗೆ ಸಮನಾಗಿ ಹತ್ತುವವರೆಗೆ ಮೆಲ್ಲಮೆಲ್ಲನೆ ಬ್ರೇಕು ಒತ್ತಿ ಪಳಗಿಸಬೇಕಾದುದು ಮಾತ್ರ ಅವಶ್ಯ. ವರ್ಷಕ್ಕೊಮ್ಮೆ ಕುತೂಹಲಕ್ಕಾಗಿ ಕಣಕ್ಕಿಳಿದು ನಾಲ್ಕಾರು ಸುತ್ತು ಹಾಕಿ ಬರುವವರಿಗೆ ನಡುವಣ ತರಗತಿಯ ಪ್ಯಾಡುಗಳುಂಟು. ಅವು ತಣ್ಣಗಿರುವಾಗಲೂ ಹಿಡಿಯುತ್ತವೆ, ಸಾಮಾನ್ಯ ಪ್ಯಾಡಿಗಿಂತ ಸ್ವಲ್ಪ ಹೆಚ್ಚು ಶಾಖವನ್ನೂ ತಾಳುತ್ತವೆ. ಅವರು ಪ್ಯಾಡಿಗಿಂತ ತಮ್ಮ ವೇಗಕ್ಕೆ ಮಿತಿ ಹಾಕಿಕೊಂಡು, ನಡುನಡುವೆ ಕಾರನ್ನು ನಿಧಾನವಾಗಿ ಓಡಿಸಿ ಬ್ರೇಕನ್ನು ತಣಿಸುವುದು ಮೇಲು. ಎರಡು ಕಡೆಯೂ ಸಮನಾಗಿ ಶ್ರೇಷ್ಠವಾದ ಒಂದೇ ಪ್ಯಾಡು ಇದೆಯೆಂದು ಯಾರಾದರೂ ಹೇಳಿದರೆ, ಆ ಮಾತನ್ನು ಅವರ ವ್ಯಾಪಾರದ ಉತ್ಸಾಹವೆಂದು ಎಣಿಸಿ ಮುಂದೆ ಹೋಗಬೇಕು.

ಪ್ಯಾಡು ಬದಲಾಯಿಸುವವರು ಇನ್ನೆರಡು ಸಂಗತಿಗಳನ್ನು ಅರಿತಿರಬೇಕು. ಮೊದಲನೆಯದು, ಮುಂದಿನ ಮತ್ತು ಹಿಂದಿನ ಗಾಲಿಗಳ ಸಮತೋಲ. ಹಿಂದಿನ ಗಾಲಿಗಳಿಗೆ ಮಾತ್ರ ಹೆಚ್ಚು ಹಿಡಿತದ ಪ್ಯಾಡು ಹಾಕಿದರೆ, ಜೋರಾಗಿ ಬ್ರೇಕು ಒತ್ತಿದಾಗ ಹಗುರಾದ ಹಿಂಭಾಗ ಜಾರಿ ಕಾರು ಬುಗುರಿಯಂತೆ ತಿರುಗಬಹುದು. ಎರಡನೆಯದು, ಗ್ಯಾರೇಜಿನವರು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ. ಕಾಲಿನ ಒತ್ತಡವನ್ನು ಗಾಲಿಗೆ ಸಾಗಿಸುವ ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ದರ್ಜೆಯಲ್ಲಿ ಈ ಅಂಕಗಳು 205 ಮತ್ತು 140. ದ್ರವ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಆವಿ ಸುಲಭವಾಗಿ ಕುಗ್ಗುವುದರಿಂದ ಪೆಡಲು ನೆಲ ಮುಟ್ಟಿದರೂ ಒತ್ತಡ ಗಾಲಿಗೆ ತಲುಪದು. ಸಾವಿರಾರು ರೂಪಾಯಿಯ ಓಟದ ಪ್ಯಾಡು ಹಾಕಿಸಿ, ನಾಲ್ಕು ವರ್ಷದ ಹಳೆಯ ದ್ರವವನ್ನು ಬದಲಾಯಿಸದೆ ಕಣಕ್ಕಿಳಿದವನನ್ನು ಆ ಪ್ಯಾಡು ಕಾಪಾಡಲಾರದು.

ಇನ್ನು ತಯಾರಕರಿಗೂ ಮಾರುವವರಿಗೂ ಹೇಳಬೇಕಾದ ಮಾತು. ಹಲವು ಪ್ಯಾಡುಗಳ ಅಂಚಿನಲ್ಲಿ ಇಂಗ್ಲಿಷಿನ ಎರಡು ಅಕ್ಷರಗಳು ಅಚ್ಚಾಗಿರುತ್ತವೆ. ಇದು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘದ ಸಂಕೇತ. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಮೊದಲಿನ ಅಕ್ಷರ ಸಾಧಾರಣ ಶಾಖದ ಹಿಡಿತವನ್ನೂ, ಎರಡನೆಯದು ಹೆಚ್ಚಿನ ಶಾಖದ ಹಿಡಿತವನ್ನೂ ಸೂಚಿಸುತ್ತದೆ. ಈ ಸಂಕೇತ ಉಪಯುಕ್ತವಾದರೂ ಅಪೂರ್ಣ. ಮೊದಲ ಅಕ್ಷರಕ್ಕೆ ಆಧಾರವಾದ ಅಳತೆಗಳು ಸುಮಾರು 93 ಡಿಗ್ರಿಯಿಂದ ಆರಂಭವಾಗುತ್ತವೆ. ಎರಡನೆಯದರ ಪರೀಕ್ಷೆ ಸುಮಾರು 340 ಡಿಗ್ರಿಗೆ ನಿಲ್ಲುತ್ತದೆ. ಮುಂಜಾನೆಯ ಮೊದಲ ಬ್ರೇಕು ಇದರ ಕೆಳಗೆ ಉಳಿಯಿತು, ಓಟದ ಕಣ ಇದರ ಮೇಲೆ ಉಳಿಯಿತು! ಕೊಳ್ಳುವವನಿಗೆ ನಿಜವಾಗಿ ಬೇಕಾದ ಎರಡು ತುದಿಗಳನ್ನೂ ಈ ಅಕ್ಷರಗಳು ಹೇಳುವುದಿಲ್ಲ. ಆದುದರಿಂದ ಪ್ರತಿಯೊಂದು ಡಬ್ಬಿಯ ಮೇಲೆಯೂ, 30 ಡಿಗ್ರಿಯಿಂದ ಹಿಡಿದು ಅದು ತಾಳುವ ಕೊನೆಯ ಶಾಖದವರೆಗೆ ಹಿಡಿತ ಹೇಗೆ ಬದಲಾಗುತ್ತದೆಂದು ತೋರಿಸುವ ಒಂದು ಸಣ್ಣ ರೇಖಾಚಿತ್ರವನ್ನು ಅಚ್ಚುಮಾಡತಕ್ಕದ್ದು. ಔಷಧದ ಚೀಟಿಯ ಮೇಲೆ ಪ್ರಮಾಣವನ್ನು ಬರೆಯುವ ನಾವು, ಜೀವ ಕಾಯುವ ಇನ್ನೊಂದು ವಸ್ತುವನ್ನು ಕೇವಲ ಒಂದು ಆಕರ್ಷಕ ಪದ ನೋಡಿ ಏಕೆ ಕೊಳ್ಳಬೇಕು? ಅಂಥ ಚಿತ್ರವಿಲ್ಲದಿದ್ದರೆ “ಈ ಪ್ಯಾಡು ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿಯವರೆಗೆ ಕೆಲಸಮಾಡುತ್ತದೆ?” ಎಂದು ಅಂಗಡಿಯಲ್ಲಿ ಕೇಳುವ ಹಕ್ಕು ಕೊಳ್ಳುವವನಿಗಿದೆ. ಹತ್ತು ಜನ ಕೇಳಿದರೆ ಅಂಗಡಿಯವನು ತಯಾರಕನನ್ನು ಕೇಳುತ್ತಾನೆ. ನೂರು ಅಂಗಡಿಯವರು ಕೇಳಿದರೆ ತಯಾರಕನು ಅಚ್ಚುಮಾಡುತ್ತಾನೆ.

ಈ ಕೆಲಸದಲ್ಲಿ ವಿದ್ಯಾರ್ಥಿಗಳ ಪಾತ್ರ ಚಿಕ್ಕದಲ್ಲ. ಕಾರಿಲ್ಲದವರ ಮನೆಯಲ್ಲಿಯೂ ಮೋಟಾರು ಸೈಕಲ್ಲುಂಟು. ಅದರ ಮುಂದಿನ ಗಾಲಿಯಲ್ಲಿ ಡಿಸ್ಕು ಬ್ರೇಕು ಈಗ ಸಾಮಾನ್ಯ. ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ. ನಿಮ್ಮ ಗಾಡಿಯ ತೂಕಕ್ಕೆ ಸವಾರರ ತೂಕವನ್ನು ಸೇರಿಸಿ, ನೀವು ಓಡಿಸುವ ವೇಗವನ್ನು ಹಾಕಿ, ಒಮ್ಮೆ ನಿಲ್ಲುವಾಗ ಎಷ್ಟು ಜೂಲು ಶಾಖ ಹುಟ್ಟುವುದೆಂದು ನೀವೇ ಲೆಕ್ಕಮಾಡಿ ನೋಡಿರಿ. ವೇಗವನ್ನು ಇಮ್ಮಡಿಸಿ ಮತ್ತೊಮ್ಮೆ ಮಾಡಿರಿ. ಶಕ್ತಿ ನಾಲ್ಮಡಿಯಾದುದನ್ನು ಕಂಡ ಕೈ ಬಳಿಕ ಆಕ್ಸಿಲರೇಟರನ್ನು ತಿರುಗಿಸುವ ಮುನ್ನ ಒಂದು ಕ್ಷಣ ತಡೆದೀತು. ಪರೀಕ್ಷೆಯ ಅಂಕಗಳಿಗಿಂತ ಈ ತಡೆ ಬೆಲೆಯುಳ್ಳದ್ದು.

ತೇರಿಗೆ ಮರದ ತುಂಡು, ಓಟದ ಕಾರಿಗೆ ಬೆಂಕಿಯಲ್ಲಿ ಎಚ್ಚರಗೊಳ್ಳುವ ಪ್ಯಾಡು, ಊರಿನ ಕಾರಿಗೆ ತಣ್ಣಗಿದ್ದಾಗಲೂ ಎಚ್ಚರವಾಗಿರುವ ಪ್ಯಾಡು: ಒಂದೊಂದು ಕೆಲಸಕ್ಕೆ ಒಂದೊಂದು ತಡೆ. ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವುದು ಎಲ್ಲಿಗೆ ತಕ್ಕುದು ಎಂಬ ಪ್ರಶ್ನೆಗೆ ಮಾತ್ರ ವಿಜ್ಞಾನದಲ್ಲಿ ಉತ್ತರವಿದೆ. ಕುಷ್ಟಗಿಯ ಹೆದ್ದಾರಿಯಲ್ಲಾಗಲಿ ಗಂಗಾವತಿಯ ಗದ್ದೆಯ ಬದಿಯ ದಾರಿಯಲ್ಲಾಗಲಿ, ಚಾಲಕನ ಬ್ರೇಕನ್ನು ನಂಬಿ ರಸ್ತೆ ದಾಟುವವರಿಗೆ ಆ ಕಾರಿನೊಳಗೆ ಯಾವ ಪ್ಯಾಡಿದೆಯೆಂಬುದು ಗೊತ್ತಿರುವುದಿಲ್ಲ. ಅವರ ಪರವಾಗಿ ಅದನ್ನು ಸರಿಯಾಗಿ ಆರಿಸುವ ಹೊಣೆ ಕಾರಿನ ಒಡೆಯನದು.